ಹುಣಸೆ ಬೋನ್ಸಾಯ್: ಬದುವಿನ ಮೋಟಿನಿಂದ ಕುಂಡದ ಮರದವರೆಗೆ

ಬೋನ್ಸಾಯ್ ಕಲಿಯುವವರ ಕಣ್ಣು ಮೊದಲು ಬೀಳುವುದು ಪರದೇಶದ ಮರಗಳ ಮೇಲೆ, ಅದರಲ್ಲೂ ಯೂ (yew) ಎಂಬ ಸೂಜಿ ಎಲೆಯ ಮರದ ಮೇಲೆ. ಅದಕ್ಕೆ ಆ ಮರ್ಯಾದೆ ಸುಮ್ಮನೆ ಬಂದದ್ದಲ್ಲ. ಎಷ್ಟು ಹಳೆಯ ಕಾಂಡವನ್ನು ಕೊಯ್ದರೂ ಅದು ಮತ್ತೆ ಚಿಗುರುತ್ತದೆ. ಸತ್ತ ಭಾಗದ ಕಟ್ಟಿಗೆಯೂ ಕೊರೆದು ರೂಪ ಕೊಡುವಷ್ಟು ಗಟ್ಟಿ. ಆದರೆ ಅದು ಚಳಿ ಸೀಮೆಯ ಮರ, ನಮ್ಮ ದೇಶದಲ್ಲಿ ಹಿಮಾಲಯದ ಎತ್ತರದಲ್ಲಿ ಬೆಳೆಯುವಂಥದು. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರದ ಮಾಳಿಗೆಯ ಮೇಲೆ ಅದನ್ನು ಬದುಕಿಸಲು ಹೆಣಗುವುದಕ್ಕಿಂತ, ಅದೇ ಎರಡು ಗುಣಗಳಿರುವ ನಮ್ಮ ಬದುವಿನ ಮರವನ್ನು ಹಿಡಿಯುವುದು ಲೇಸು. ಅದು ಹುಣಸೆ.

ಹುಣಸೆಯ ಹಳೆಯ ಕಾಂಡದಿಂದ ಚಿಗುರು ಧಾರಾಳವಾಗಿ ಒಡೆಯುತ್ತದೆ. ಎಲೆ ಸಂಯುಕ್ತ, ಕಿರು ಎಲೆಗಳು ಮೊದಲೇ ಸಣ್ಣವು, ಕುಂಡದಲ್ಲಿ ಇನ್ನೂ ಸಣ್ಣವಾಗುತ್ತವೆ. ತೊಗಟೆ ಬೇಗ ಒರಟಾಗಿ ಬಿರುಕು ಬಿಡುವುದರಿಂದ ಮರಕ್ಕೆ ವಯಸ್ಸಾದ ಕಳೆ ಬರುತ್ತದೆ. ದೋಷವೆಂದರೆ ಬಲಿತ ಕೊಂಬೆ ಬಗ್ಗುವುದಿಲ್ಲ, ಮುರಿಯುತ್ತದೆ. ಹಾಗಾಗಿ ಹುಣಸೆಗೆ ರೂಪ ಕೊಡುವ ಮುಖ್ಯ ಸಾಧನ ಕತ್ತರಿ. ತಂತಿಯ ಕೆಲಸ ಎಳೆಯ ಚಿಗುರಿನ ಮಟ್ಟಿಗೆ ಮಾತ್ರ. ಇದನ್ನು ಒಪ್ಪಿಕೊಂಡವರ ಮರ ಎಂಟು-ಹತ್ತು ವರ್ಷದಲ್ಲಿ ಮರವಾಗಿ ಕಾಣುತ್ತದೆ.

ಎಂಥ ಗಿಡ ಹಿಡಿಯಬೇಕು

ಬೀಜದಿಂದಲೂ ಬೆಳೆಸಬಹುದು. ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ ಒಂದೂವರೆ ಸೆಂ.ಮೀ. ಆಳಕ್ಕೆ ಊರಿದರೆ ವಾರ-ಎರಡು ವಾರದಲ್ಲಿ ಮೊಳೆಯುತ್ತದೆ. ಸಸಿ ಗೇಣುದ್ದ ಆದಾಗ ತಾಯಿಬೇರನ್ನು ಅರ್ಧಕ್ಕೆ ಕತ್ತರಿಸಿ, ಅಡಿಯಲ್ಲಿ ಒಂದು ಹಂಚು ಇಟ್ಟು ನೆಡಿ. ಕೆಳಗೆ ಇಳಿಯಲಾಗದ ಬೇರು ಸುತ್ತಲೂ ಹರಡುತ್ತದೆ. ಆದರೆ ಹೀಗೆ ಬೆಳೆಸಿದ ಕಾಂಡ ಮುಂಗೈ ದಪ್ಪ ಆಗಲು ಬಹಳ ವರ್ಷ ಬೇಕು.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಿಗುವ ಚೀಲದ ಸಸಿ ಅಗ್ಗ. ಕೊಳ್ಳುವಾಗ ಚೀಲದ ತಳ ನೋಡಿ. ಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಮುಂದೆ ಬುಡ ಎಂದೂ ಚೆನ್ನಾಗುವುದಿಲ್ಲ. ಪಿಕೆಎಂ-1 ಎಂಬ ಹುಣಸೆ ತಳಿಯಂಥ ಕಸಿ ಗಿಡ ಬೇಗ ಕಾಯಿ ಬಿಡುತ್ತದೆ, ಆದರೆ ಕಸಿಯ ಗಂಟು ಬುಡದಲ್ಲೇ ಎದ್ದು ಕಾಣುತ್ತದೆ. ಕಾಯಿಯ ಆಸೆ ಇದ್ದವರು ಗಂಟು ನೆಲಮಟ್ಟಕ್ಕೆ ಹತ್ತಿರ ಇರುವ ಗಿಡವನ್ನೇ ಆರಿಸಲಿ.

ನಮ್ಮ ಸೀಮೆಯಲ್ಲಿ ಸಿಗುವ ಅತ್ಯುತ್ತಮ ಸಾಮಗ್ರಿ ಎಂದರೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿ, ವರ್ಷಗಟ್ಟಲೆ ಆಡು-ಕುರಿ ತಿಂದು ಕುಗ್ಗಿದ ಗಿಡ. ಎತ್ತರ ಎರಡು-ಮೂರು ಅಡಿ ಇದ್ದರೂ ಬುಡ 6ರಿಂದ 10 ಸೆಂ.ಮೀ. ಇರುತ್ತದೆ, ಕಾಂಡ ತಿರುವು ತೆಗೆದುಕೊಂಡಿರುತ್ತದೆ, ಮೇಲೆ ಹೋದಂತೆ ಸಣ್ಣಗಾಗಿರುತ್ತದೆ. ಆಡು ಮಾಡಿದ್ದು ಮುಂದೆ ನಾವು ಕತ್ತರಿಯಿಂದ ಮಾಡುವ ಕೆಲಸವನ್ನೇ. ಹೊಲದ ಒಡೆಯರ ಒಪ್ಪಿಗೆ ಪಡೆದು, ಟ್ರ್ಯಾಕ್ಟರಿಗೆ ಅಡ್ಡ ಬರುತ್ತದೆ ಎಂದು ಅವರೇ ಕಿತ್ತು ಹಾಕಲಿರುವ ಮೋಟುಗಳನ್ನು ಕೇಳಿ ತನ್ನಿ. ಅರಣ್ಯ, ರಸ್ತೆಬದಿ, ಸರ್ಕಾರಿ ಜಾಗದ ಗಿಡ ಅನುಮತಿ ಇಲ್ಲದೆ ಮುಟ್ಟಬಾರದು.

ಗಿಡ ಆರಿಸುವಾಗ ಮೊದಲು ಬುಡದ ಮಣ್ಣು ನಾಲ್ಕು ಬೆರಳು ಕೆದರಿ ನೋಡಿ. ಮೂರು ದಿಕ್ಕಿಗಾದರೂ ಬೇರು ಹೊರಟಿರಬೇಕು. ಒಂದೇ ದಪ್ಪ ತಾಯಿಬೇರು ಗೂಟದಂತೆ ಇಳಿದಿದ್ದು, ಪಕ್ಕದ ಬೇರೇ ಇಲ್ಲದಿದ್ದರೆ ಮೇಲಿನ ಕಾಂಡ ಎಷ್ಟು ಚಂದವಿದ್ದರೂ ಬಿಟ್ಟುಬಿಡಿ. ಕಾಂಡದ ಬುಡದಲ್ಲಿ ಕೊರೆಹುಳದ ತೂತು, ಪುಡಿ ಕಂಡರೂ ಬೇಡ.

ಕೀಳುವುದು

ಮೃಗಶಿರ ಮಳೆ ಹಿಡಿಯುವ ಜೂನ್ ಎರಡನೇ ವಾರದಿಂದ ಆರಿದ್ರಾ ಮುಗಿಯುವವರೆಗೆ ಸರಿಯಾದ ಕಾಲ. ಶಿವರಾತ್ರಿಯ ಹೊತ್ತಿಗೆ ಕಿತ್ತರೆ ಚಿಗುರೇನೋ ಬರುತ್ತದೆ, ಆದರೆ ಬೇರು ಕೂಡುವ ಮೊದಲೇ ಮಾರ್ಚ್-ಏಪ್ರಿಲ್‌ನ ಬಿಸಿಗಾಳಿ ಬಡಿದು ಆ ಚಿಗುರು ಸುಟ್ಟುಹೋಗುತ್ತದೆ. ಹೀಗೆ ಸತ್ತ ಮೋಟಿನಲ್ಲಿ ಉಳಿದಿದ್ದ ಶಕ್ತಿಯೆಲ್ಲ ಆ ಚಿಗುರಿಗೇ ಖರ್ಚಾಗಿರುತ್ತದೆ. ಎರಡನೇ ಸಲ ಒಡೆಯಲು ಏನೂ ಇರುವುದಿಲ್ಲ.

ಬುಡ 8 ಸೆಂ.ಮೀ. ಇರುವ ಗಿಡಕ್ಕೆ ಕಾಂಡದಿಂದ 25-30 ಸೆಂ.ಮೀ. ದೂರದಲ್ಲಿ ಸುತ್ತಲೂ ತೆಗ್ಗು ತೋಡಿ. ಇದಕ್ಕಿಂತ ದಪ್ಪ ಗಿಡವಾದರೆ ಎರಡು ಕಂತಿನಲ್ಲಿ ಮಾಡಿ: ಈ ಮಳೆಗಾಲ ಅರ್ಧ ಸುತ್ತು ಬೇರು ಕಡಿದು ಅದೇ ತೆಗ್ಗಿಗೆ ಉಸುಕು-ಗೊಬ್ಬರ ತುಂಬಿ ಬಿಡಿ, ಮುಂದಿನ ಮಳೆಗಾಲ ಉಳಿದರ್ಧ. ಪಕ್ಕದ ಬೇರುಗಳನ್ನು ಗರಗಸದಿಂದ ಕೊಯ್ಯಿರಿ, ಗುದ್ದಲಿಯಿಂದ ಜಜ್ಜಬೇಡಿ. ಜಜ್ಜಿದ ತುದಿ ಎರೆ ಮಣ್ಣಿನ ಹಸಿಯಲ್ಲಿ ಕೊಳೆಯುತ್ತದೆ. ಕೊನೆಗೆ ಮೋಟನ್ನು ಓರೆ ಮಾಡಿ 20 ಸೆಂ.ಮೀ. ಕೆಳಗೆ ತಾಯಿಬೇರು ಕೊಯ್ಯಿರಿ. ಹಸಿ ಗೋಣಿಯಲ್ಲಿ ಸುತ್ತಿ ಅದೇ ದಿನ ನೆಡಬೇಕು.

ಕಾಂಡವನ್ನು ಎಲ್ಲಿ ಕೊಯ್ಯಬೇಕೆಂಬುದಕ್ಕೆ ಒಂದು ಲೆಕ್ಕವಿದೆ. ಮುಗಿದ ಮರದ ಎತ್ತರ ಬುಡದ ದಪ್ಪದ ಆರು ಪಟ್ಟು ಇದ್ದರೆ ಚಂದ. ಎಂದರೆ 8 ಸೆಂ.ಮೀ. ಬುಡಕ್ಕೆ ಸುಮಾರು 48 ಸೆಂ.ಮೀ. ಮೊದಲ ಕೊಯ್ತ ಅದರ ಮೂರರಲ್ಲಿ ಒಂದು ಭಾಗದಲ್ಲಿ, 16 ಸೆಂ.ಮೀ. ಹತ್ತಿರ ಬರಬೇಕು. ಆದರೆ ಕಿತ್ತ ದಿನವೇ ಅಲ್ಲಿಗೆ ಕೊಯ್ಯಬೇಡಿ, 6-8 ಸೆಂ.ಮೀ. ಮೇಲೆ ಬಿಡಿ. ಕೊಯ್ದ ತುದಿಯಿಂದ ಕಾಂಡ ಸ್ವಲ್ಪ ಕೆಳಗಿನವರೆಗೆ ಒಣಗಿ, ಜೀವಂತ ಮೊಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಅದು ಎಲ್ಲಿ ನಿಲ್ಲುತ್ತದೆಂದು ಯಾರೂ ಮೊದಲೇ ಹೇಳಲಾರರು.

ಕೊಯ್ತಕ್ಕೆ ಗಾಯದ ಪೇಸ್ಟ್ ಅಥವಾ ತಾಮ್ರದ ಶಿಲೀಂಧ್ರನಾಶಕ ಕಲಸಿದ ಮುಲಾಮು ಬಳಿಯಿರಿ. ಸೆಗಣಿ ಬಳಿಯುವ ರೂಢಿ ಈ ಕೆಲಸಕ್ಕೆ ಒಳ್ಳೆಯದಲ್ಲ, ಗೆದ್ದಲು ಅದನ್ನೇ ಹುಡುಕಿಕೊಂಡು ಬರುತ್ತದೆ.

ಮೊದಲ ಮೂರು ತಿಂಗಳು

ಮೋಟು ಹಿಡಿಯುವಷ್ಟೇ ದೊಡ್ಡ ತೊಟ್ಟಿ ಅಥವಾ ತಳಕ್ಕೆ ಏಳೆಂಟು ತೂತು ಹೊಡೆದ ಪ್ಲಾಸ್ಟಿಕ್ ಬುಟ್ಟಿ ಸಾಕು. ಒಳಗೆ ಗೊಬ್ಬರ ಬೇಡವೇ ಬೇಡ. ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ದಪ್ಪ ಉಸುಕು. ಮೋಟು ಅಲುಗಾಡದಂತೆ ತಂತಿಯಿಂದ ಬುಟ್ಟಿಗೆ ಬಿಗಿಯಿರಿ. ಜೂನ್-ಜುಲೈಯಲ್ಲಿ ನಮ್ಮ ಕಡೆ ಮಳೆಗಿಂತ ಗಾಳಿ ಜೋರು. ಮೋಟು ಒಂದಿಷ್ಟು ಅಲುಗಿದರೂ ಕೂದಲಿನಂಥ ಹೊಸ ಬೇರು ಹರಿಯುತ್ತದೆ.

ಮೇಲೆ ಪಾರದರ್ಶಕ ಪಾಲಿಥಿನ್ ಚೀಲ ಸಡಿಲವಾಗಿ ಕಟ್ಟಿ, 50 ಶೇಕಡಾ ನೆರಳು ಪರದೆಯ ಕೆಳಗೆ ಇಡಿ. ಮೂರು-ನಾಲ್ಕು ವಾರದಲ್ಲಿ ಕೆಂಪು ಛಾಯೆಯ ಮೊಗ್ಗು ಒಡೆಯುತ್ತವೆ. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಮೊದಲ ಚಿಗುರು ಕಾಂಡದಲ್ಲಿ ಕೂಡಿಟ್ಟ ಆಹಾರದಿಂದ ಬಂದದ್ದು, ಬೇರು ಬಂದಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಆ ಚಿಗುರು ಬಲಿತು ಹಸಿರಾಗಿ, ಅದರ ತುದಿಯಿಂದ ಎರಡನೇ ಸಲ ಹೊಸ ಎಲೆ ಹೊರಟಾಗ ಬೇರು ಕೂಡಿದೆ ಎಂದು ತಿಳಿಯಿರಿ. ಅಲ್ಲಿಯವರೆಗೆ ಚೀಲ ತೆಗೆಯಬೇಡಿ, ಮೋಟು ಎಳೆದು ನೋಡಬೇಡಿ, ಒಂದು ಚಿಗುರನ್ನೂ ಕತ್ತರಿಸಬೇಡಿ. ಆಮೇಲೆ ಹತ್ತು ದಿನಗಳಲ್ಲಿ ಚೀಲಕ್ಕೆ ಒಂದೊಂದೇ ತೂತು ಮಾಡುತ್ತ ಹೊರಗಾಳಿಗೆ ಒಗ್ಗಿಸಿ. ದಸರಾ ಹೊತ್ತಿಗೆ ಪೂರ್ತಿ ಬಿಸಿಲಿಗೆ ಬರಬಹುದು.

ಕಾಂಡ ಕಟ್ಟುವುದು

ಬೇರು ಕೂಡಿದ ಮೇಲಿನ ಎರಡು-ಮೂರು ವರ್ಷ ಬೋನ್ಸಾಯ್ ಅನ್ನುವುದನ್ನೇ ಮರೆಯಬೇಕು. ಕೊಯ್ತದ ಹತ್ತಿರದ ಚಿಗುರುಗಳಲ್ಲಿ ಕಾಂಡದ ತಿರುವನ್ನು ಮುಂದುವರಿಸುವ ಒಂದನ್ನು ಮುಂದಿನ ನಾಯಕನಾಗಿ, ಎಂದರೆ ಮುಂದೆ ಕಾಂಡವಾಗುವ ಚಿಗುರಾಗಿ ಆರಿಸಿ, ಅದು 20-25 ಡಿಗ್ರಿ ಓರೆಯಾಗಿ ಹೊರಡುವಂತೆ ಎಳೆಯದಾಗಿದ್ದಾಗಲೇ ತಂತಿ ಸುತ್ತಿ, ಆಮೇಲೆ ಅದರ ಇಷ್ಟಕ್ಕೆ ಬಿಡಿ. ಎರಡು ಮೀಟರ್ ಬೆಳೆದರೂ ತುದಿ ಚಿವುಟಬೇಡಿ. ಉದ್ದ ಬೆಳೆದಷ್ಟೂ ಬುಡ ದಪ್ಪ, ಹಳೆ ಗಾಯ ಮುಚ್ಚುವುದೂ ಅಷ್ಟೇ ಬೇಗ.

ಒಣಗಿದ ತುದಿ ಎಲ್ಲಿ ನಿಂತಿದೆ ಎಂಬುದು ಎರಡನೇ ವರ್ಷಕ್ಕೆ ಸ್ಪಷ್ಟವಾಗಿರುತ್ತದೆ. ಆಗ ನಾಯಕನ ಹಿಂಬದಿಗೆ 45 ಡಿಗ್ರಿ ಓರೆಯಲ್ಲಿ ಕೊಯ್ದು, ಅಂಚನ್ನು ಹರಿತ ಚಾಕುವಿನಿಂದ ನಯ ಮಾಡಿ. ನಾಯಕ ಕೆಳಗಿನ ಕಾಂಡದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದಪ್ಪ ಆದಾಗ, ಎಂದರೆ 8 ಸೆಂ.ಮೀ. ಕಾಂಡದ ಮೇಲೆ ನಾಲ್ಕೂವರೆ-ಐದು ಸೆಂ.ಮೀ. ಆದಾಗ, ಅದನ್ನೂ 8-10 ಸೆಂ.ಮೀ.ಗೆ ಕೊಯ್ಯಿರಿ. ಅಲ್ಲಿಂದ ಮತ್ತೊಂದು ನಾಯಕ, ಈ ಸಲ ಎದುರು ದಿಕ್ಕಿಗೆ. ಪ್ರತಿ ತುಂಡು ಕೆಳಗಿನದಕ್ಕಿಂತ ಗಿಡ್ಡವಾಗಿರಬೇಕು. ಮೂರು ಕೊಯ್ತಕ್ಕೆ ಕಾಂಡ ಮುಗಿಯುತ್ತದೆ. ಆತುರಪಟ್ಟು ನಾಯಕ ಬೆರಳು ದಪ್ಪ ಇರುವಾಗಲೇ ಕೊಯ್ದರೆ ಕಾಂಡ ಮೊಂಡು ಗೂಟದ ಮೇಲೆ ಕಡ್ಡಿ ಚುಚ್ಚಿದಂತೆ ಉಳಿಯುತ್ತದೆ, ಕುಂಡಕ್ಕೆ ಹೋದ ಮೇಲೆ ಅದನ್ನು ತಿದ್ದಲು ಆಗುವುದಿಲ್ಲ.

ಹಿತ್ತಲಲ್ಲಿ ಜಾಗವಿದ್ದರೆ ಈ ಹಂತವನ್ನು ನೆಲದಲ್ಲಿ ಮಾಡಿದರೆ ಅರ್ಧ ಸಮಯ ಉಳಿಯುತ್ತದೆ. ಆದರೆ ಎರೆ ಭೂಮಿಯಲ್ಲಿ ನೇರ ನೆಡಬೇಡಿ. ಬೇಸಿಗೆಯಲ್ಲಿ ಆ ಮಣ್ಣು ಬಿರಿದು ಬೇರು ಹರಿಯುತ್ತದೆ, ಮುಂದೆ ಕೀಳುವಾಗ ಮಣ್ಣು ಕಲ್ಲಿನಂತೆ ಅಂಟಿರುತ್ತದೆ. ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ತೆಗ್ಗಿನ ತಳಕ್ಕೆ ಒಂದು ಪರಸಿ ಕಲ್ಲು ಹಾಸಿ, ಅದರ ಮೇಲೆ ಗರಸು ಮತ್ತು ಕೊಳೆತ ಗೊಬ್ಬರ ಮೂರಕ್ಕೊಂದರಂತೆ ತುಂಬಿ ನೆಡಿ.

ಹುಣಸೆ ದ್ವಿದಳ ಜಾತಿಯದಾದರೂ ಶೇಂಗಾ, ತೊಗರಿಯಂತೆ ಬೇರುಗಂಟು ಕಟ್ಟಿ ಸಾರಜನಕ ಹಿಡಿಯುವ ಮರವಲ್ಲ. ಆದ್ದರಿಂದ ಈ ಬೆಳೆಸುವ ವರ್ಷಗಳಲ್ಲಿ ಗೊಬ್ಬರಕ್ಕೆ ಜಿಪುಣತನ ಬೇಡ: ಜೂನ್‌ನಿಂದ ಅಕ್ಟೋಬರ್‌ವರೆಗೆ 15 ದಿನಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ), ತಿಂಗಳಿಗೊಮ್ಮೆ ಒಂದು ಹಿಡಿ ಬೇವಿನ ಹಿಂಡಿ.

ಕೊಂಬೆಗಳು

ಮೊದಲು ಒಂದು ಬೆಳೆದ ಹುಣಸೆ ಮರವನ್ನು ದೂರ ನಿಂತು ನೋಡಿ. ಗಿಡ್ಡ ದಪ್ಪ ಕಾಂಡ, ಅಲ್ಲಿಂದ ಮೇಲಕ್ಕೆದ್ದು ಹೊರಗೆ ಬಾಗುವ ಹೆಗ್ಗೊಂಬೆಗಳು, ತುದಿಗೆ ಹೋದಂತೆ ಜೋಲುವ ಕಡ್ಡಿಗಳು, ಒಟ್ಟು ಆಕಾರ ಗುಮ್ಮಟ. ದೇವದಾರು ಜಾತಿಗೆ ಮಾಡುವಂತೆ ಕೊಂಬೆಗಳನ್ನೆಲ್ಲ ಕೆಳಗೆ ಎಳೆದು ತಟ್ಟೆ ತಟ್ಟೆಯಾಗಿ ಎಲೆ ಜೋಡಿಸಿದ ಹುಣಸೆಗಳು ಪ್ರದರ್ಶನಗಳಲ್ಲಿ ಕಾಣಸಿಗುತ್ತವೆ. ಕೌಶಲ ಇರುತ್ತದೆ, ಹುಣಸೆ ಇರುವುದಿಲ್ಲ.

ಮೊದಲ ಕೊಂಬೆ ಒಟ್ಟು ಎತ್ತರದ ಮೂರನೇ ಒಂದರಷ್ಟು ಮೇಲೆ, ತಿರುವಿನ ಹೊರಬದಿಯಿಂದ. ಎರಡನೆಯದು ಎದುರು ಬದಿಗೆ ಸ್ವಲ್ಪ ಮೇಲೆ, ಮೂರನೆಯದು ಹಿಂದೆ. ಹಿಂದಿನ ಕೊಂಬೆ ಇಲ್ಲದ ಮರ ಚಪ್ಪಟೆ ಕಾಣುತ್ತದೆ, ಮತ್ತು ಹೊಸಬರು ಮರೆಯುವುದು ಇದನ್ನೇ. ಒಂದು ಕೊಂಬೆಯ ದಪ್ಪ ಅದು ಹೊರಟ ಜಾಗದ ಕಾಂಡದ ಅರ್ಧ ಮೀರಬಾರದು.

ಕೊಯ್ತದ ಸುತ್ತ ಒಂದೇ ಜಾಗದಿಂದ ಐದಾರು ಚಿಗುರು ಗುಂಪಾಗಿ ಒಡೆಯುವುದು ಹುಣಸೆಯ ಸ್ವಭಾವ. ಎಲ್ಲವನ್ನೂ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಅಲ್ಲಿ ಗಡ್ಡೆಯಂತೆ ಊದಿಕೊಳ್ಳುತ್ತದೆ. ಚಿಗುರು ಬೆರಳುದ್ದ ಆದಾಗಲೇ ಎರಡು ಉಳಿಸಿ ಬಾಕಿಯದನ್ನು ಬುಡಸಮೇತ ಕಿತ್ತುಹಾಕಿ. ಎರಡು ಯಾಕೆಂದರೆ ಒಂದು ಗಾಳಿಗೋ ಹಕ್ಕಿಗೋ ಹೋದರೆ ಇನ್ನೊಂದಿರಲಿ. ತಿಂಗಳ ನಂತರ ಅದನ್ನೂ ಒಂದಕ್ಕೆ ಇಳಿಸಿ.

ತಂತಿಯ ಸಮಯ ಬಹಳ ಕಿರಿದು. ಚಿಗುರಿನ ಹಸಿರು ಹೋಗಿ ತಿಳಿ ಕಂದು ಬರುವಾಗ, ಪೆನ್ಸಿಲ್ ದಪ್ಪ ಆಗುವ ಮೊದಲು ಸುತ್ತಬೇಕು. ಪೂರ್ತಿ ಹಸಿರಿದ್ದರೆ ಬುಡದಲ್ಲಿ ಕಳಚಿ ಬರುತ್ತದೆ, ಬಲಿತರೆ ಚಟಕ್ಕನೆ ಮುರಿಯುತ್ತದೆ. ಅಲ್ಯುಮಿನಿಯಂ ತಂತಿ, ಕೊಂಬೆಯ ದಪ್ಪದ ಮೂರನೇ ಒಂದರಷ್ಟು: ಆರು ಮಿ.ಮೀ. ಕಡ್ಡಿಗೆ ಎರಡು ಮಿ.ಮೀ. ತಂತಿ. ಒಂದು ದಿನ ನೀರು ತಡೆದರೆ ಕೊಂಬೆ ಸ್ವಲ್ಪ ಮೆತ್ತಗಾಗುತ್ತದೆ. ಒಂದೇ ತಂತಿಯಲ್ಲಿ ಎರಡು ಕೊಂಬೆ ಹಿಡಿಯುವಂತೆ, ನಡುವೆ ಕಾಂಡಕ್ಕೆ ಒಂದು ಸುತ್ತು ಕೊಟ್ಟು, 45 ಡಿಗ್ರಿ ಓರೆಯಲ್ಲಿ ಸುತ್ತಿ. ಬಗ್ಗಿಸುವಾಗ ತಿರುವಿನ ಹೊರಬದಿಗೆ ತಂತಿ ಇರುವಂತೆ ನೋಡಿಕೊಂಡು ಹೆಬ್ಬೆರಳ ಒತ್ತು ಕೊಡಿ. ಬುಡದ 2-3 ಸೆಂ.ಮೀ. ಮೇಲಕ್ಕೆ ಏರಲಿ, ಆಮೇಲೆ ಹೊರಗೆ ಬಾಗಲಿ. ಗುಮ್ಮಟ ಬರುವುದು ಈ ಏರಿನಿಂದ.

ಮಳೆಗಾಲದಲ್ಲಿ ಮೂರು ವಾರಕ್ಕೇ ತಂತಿ ತೊಗಟೆಗೆ ಕಚ್ಚಬಹುದು. ವಾರಕ್ಕೊಮ್ಮೆ ನೋಡಿ, ಕಚ್ಚುವ ಸೂಚನೆ ಕಂಡರೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಬಿಚ್ಚಲು ಹೋದರೆ ಕೊಂಬೆ ಹೋಗುತ್ತದೆ. ಕೊಂಬೆ ಮೇಲೆದ್ದರೆ ಇನ್ನೊಮ್ಮೆ ಸುತ್ತುವುದು, ಅಷ್ಟೇ. ಈಗಾಗಲೇ ಬಲಿತ ಕೊಂಬೆಯ ಕೋನ ಬದಲಿಸಲೇಬೇಕಿದ್ದರೆ ಅದನ್ನು ಎರಡು ಗೆಣ್ಣಿಗೆ ಕತ್ತರಿಸಿ ಹೊಸ ಚಿಗುರಿನಿಂದ ಶುರು ಮಾಡುವುದು ಎಳೆದು ಕಟ್ಟುವುದಕ್ಕಿಂತ ಬೇಗ.

ಆಮೇಲಿನ ಕೆಲಸ ಕತ್ತರಿಯದು. ಚಿಗುರು ಏಳೆಂಟು ಎಲೆ ಬಿಟ್ಟಾಗ ಎರಡು-ಮೂರು ಎಲೆ ಉಳಿಸಿ ಕತ್ತರಿಸಿ. ಉಳಿಸಿದ ಕೊನೆಯ ಎಲೆ ಯಾವ ದಿಕ್ಕಿಗಿದೆಯೋ ಮುಂದಿನ ಕಡ್ಡಿ ಆ ದಿಕ್ಕಿಗೆ ಹೊರಡುತ್ತದೆ, ಆದ್ದರಿಂದ ಎಡ, ಬಲ ಎಂದು ನೋಡಿ ಆರಿಸಿ. ಕೆಳಗೆ, ಕಂಕುಳಲ್ಲಿ, ನೇರ ಮೇಲಕ್ಕೆ ಹೊರಟದ್ದು ಬೇಡ. ಕೆಳಗಿನ ಕೊಂಬೆ ಇನ್ನೂ ದಪ್ಪ ಆಗಬೇಕಿದ್ದರೆ ಅದನ್ನು ಬಿಟ್ಟು ನೆತ್ತಿಯನ್ನು ಮಾತ್ರ ಕತ್ತರಿಸಿ. ಹುಣಸೆಯ ಬಲವೆಲ್ಲ ನೆತ್ತಿಗೆ ಓಡುತ್ತದೆ, ಎಲ್ಲವನ್ನೂ ಸಮಾನವಾಗಿ ಕತ್ತರಿಸಿದರೆ ಮೂರು ವರ್ಷದಲ್ಲಿ ಕೆಳಗೊಂಬೆ ಸೊರಗಿ ಸಾಯುತ್ತದೆ.

ಎಲೆ ಪೂರ್ತಿ ತೆಗೆಯುವುದು ಮುಗಿದ, ಬಲವಾದ ಮರಕ್ಕೆ ಮಾತ್ರ, ವರ್ಷಕ್ಕೊಮ್ಮೆ, ಜುಲೈಯಲ್ಲಿ. ತೊಟ್ಟಿನ ಬುಡ ಉಳಿಸಿ ಕತ್ತರಿಯಿಂದ ಕತ್ತರಿಸಿ. ಎರಡು-ಮೂರು ವಾರದಲ್ಲಿ ಬರುವ ಎಲೆ ಸಣ್ಣದಾಗಿರುತ್ತದೆ. ಅದೇ ವರ್ಷ ಕುಂಡ ಬದಲಿಸಿದ್ದರೆ ಈ ಕೆಲಸ ಬೇಡ.

ಸತ್ತ ಕಟ್ಟಿಗೆ, ಪೊಟರೆ

ಯೂ ಮರದ ಮಾದರಿ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಹುಣಸೆಯ ಕಟ್ಟಿಗೆ ಗಾಣಕ್ಕೆ, ಮಾಂಸ ಕೊಚ್ಚುವ ಕೊರಡಿಗೆ ಬಳಸುವಷ್ಟು ಗಟ್ಟಿ ಎಂಬುದು ನಿಜ. ಆದರೆ ಆ ಗಟ್ಟಿತನ ನಡುವಿನ ಕಪ್ಪು-ಕಂದು ಚೇಗಿನದು. ಸುತ್ತಲಿನ ಹಳದಿ ಬಿಳಿಯ ಕಟ್ಟಿಗೆ ಹುಳ ಹಿಡಿದು ಬೇಗ ಕೊಳೆಯುತ್ತದೆ. ಎಳೆ ಮರದಲ್ಲಿ ಚೇಗು ಬೆರಳಷ್ಟೂ ಇರುವುದಿಲ್ಲ. ಹೀಗಾಗಿ ಯೂ ಮರದಂತೆ ಉದ್ದಕ್ಕೆ ಬಿಳಿ ಕಟ್ಟಿಗೆ ತೋರಿಸುವುದು, ಒಣಗೊಂಬೆ ಚಾಚಿಸುವುದು ಹುಣಸೆಗೆ ಎರಡು ಮಳೆಗಾಲದ ಅಲಂಕಾರ. ಹುಣಸೆಗೆ ಒಪ್ಪುವುದು ಪೊಟರೆ. ಊರ ಮುಂದಿನ ಹಳೆಯ ಹುಣಸೆಗಳೆಲ್ಲ ಟೊಳ್ಳಾಗಿಯೇ ಇರುತ್ತವೆ. ಮೊದಲ ಕೊಯ್ತದ ದೊಡ್ಡ ಗಾಯವನ್ನು ಮುಚ್ಚಲು ಹತ್ತು ವರ್ಷ ಕಾಯುವ ಬದಲು ಅದನ್ನೇ ಪೊಟರೆ ಮಾಡಿದರೆ ದೋಷವೇ ಲಕ್ಷಣವಾಗುತ್ತದೆ.

ಗಾಯದ ಕಟ್ಟಿಗೆ ಆರು ತಿಂಗಳಾದರೂ ಒಣಗಿರಬೇಕು. ದೀಪಾವಳಿಯಿಂದ ಸಂಕ್ರಾಂತಿವರೆಗಿನ ಒಣಹವೆ ಒಳ್ಳೆಯದು. ಮೊದಲು ಜೀವಂತ ತೊಗಟೆಯ ಗಡಿಯನ್ನು ಸೀಮೆಸುಣ್ಣದಿಂದ ಗುರುತಿಸಿ, ಅದರಿಂದ ಐದು ಮಿ.ಮೀ. ಒಳಗೇ ಇರಿ. ಅಂಚಿನಲ್ಲಿ ಬೆಳೆದ ಗಾಯದ ತೊಗಟೆ ತುಟಿ ಹೊರಳಿಸಿದಂತೆ ಉರುಟಾಗಿ ಬಂದಿದ್ದರೆ ಅದು ಪೊಟರೆಯ ಚೌಕಟ್ಟು, ಅದನ್ನು ಮುಟ್ಟಲೇಬಾರದು. ಒರಟು ಕೆಲಸಕ್ಕೆ ಡೈ ಗ್ರೈಂಡರ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಕೊನೆಯ ಕೆಲಸ ಕೈ ಉಳಿಯಿಂದ, ನಾರು ಓಡುವ ದಿಕ್ಕಿಗೆ. ಯಂತ್ರದ ದುಂಡು ಗುರುತು ಉಳಿದರೆ ಯಾರ ಕಣ್ಣಿಗೂ ಕೃತಕ ಎಂದು ಗೊತ್ತಾಗುತ್ತದೆ. ತಂತಿಯ ಬ್ರಷ್ ಉಜ್ಜಿ ಮೆತ್ತನೆಯ ಪುಡಿ ತೆಗೆಯಿರಿ.

ಪೊಟರೆಯಲ್ಲಿ ನೀರು ನಿಲ್ಲಬಾರದು. ಮೇಲ್ಮುಖ ಪೊಟರೆಯಾದರೆ ತಳದಿಂದ ಕಾಂಡದ ಹಿಂಬದಿಗೆ ಆರು ಮಿ.ಮೀ. ತೂತು ಕೊರೆದು ಹೊರದಾರಿ ಮಾಡಿ. ಇದೊಂದನ್ನು ಬಿಟ್ಟದ್ದಕ್ಕೇ ಎಷ್ಟೋ ಮರಗಳ ಬುಡ ಒಳಗಿಂದ ಕೊಳೆತಿದೆ. ಆಮೇಲೆ ಸುಣ್ಣ-ಗಂಧಕದ ದ್ರಾವಣಕ್ಕೆ ಎರಡು ಪಾಲು ನೀರು, ನಾಲ್ಕು ಹನಿ ಕಪ್ಪು ಶಾಯಿ ಸೇರಿಸಿ ಬಳಿಯಿರಿ. ಶಾಯಿ ಇಲ್ಲದಿದ್ದರೆ ಸುಣ್ಣ ಬಳಿದ ಗೋಡೆಯ ಬಿಳುಪು ಬರುತ್ತದೆ. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಮುಚ್ಚಿರಿ, ಬಯಲಲ್ಲೇ ಮಾಡಿ, ಕೊಳೆತ ಮೊಟ್ಟೆಯ ನಾತ ಮನೆಯೊಳಗೆ ತಾಳಲಾಗದು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಮತ್ತೆ ಬಳಿಯಬೇಕು.

ಕುಂಡ, ಮಣ್ಣು, ನೀರು

ಕುಂಡದ ಆಳ ಬುಡದ ದಪ್ಪಕ್ಕೆ ಸಮ, ಉದ್ದ ಮರದ ಎತ್ತರದ ಮೂರನೇ ಎರಡರಷ್ಟು ಎಂಬ ನಿಯಮ ವಿಜಯಪುರಕ್ಕೆ ಸ್ವಲ್ಪ ಸಡಿಲಿಸಿ. 8 ಸೆಂ.ಮೀ. ಆಳ ಬೇಕೆಂದಲ್ಲಿ 10 ಇರಲಿ. ಆ ಎರಡು ಸೆಂ.ಮೀ. ಮೇ ತಿಂಗಳ ಮಧ್ಯಾಹ್ನ ಬೇರು ಉಳಿಸುತ್ತದೆ. ಮೆರುಗು ಕೊಡದ ಸುಟ್ಟ ಮಣ್ಣಿನ ಕುಂಡ ಬೆವರಿ ತಂಪಾಗುತ್ತದೆ. ಖಾನಾಪುರದ ಕಡೆ ಕುಂಬಾರಿಕೆ ಹೆಸರಾದದ್ದು, ಅಳತೆ ಕೊಟ್ಟು ಅಗಲ ತಟ್ಟೆ ಮಾಡಿಸಿಕೊಳ್ಳಬಹುದು. ಸುಡುವ ಮೊದಲೇ ತಳಕ್ಕೆ ಎರಡು ಸೆಂ.ಮೀ.ನ ಎರಡು ತೂತು, ತಂತಿ ಹಾಯಿಸಲು ನಾಲ್ಕು ಸಣ್ಣ ತೂತು ಹೇಳಿ. ಸಿಮೆಂಟ್ ಕುಂಡವಾದರೆ ಮೂರು ವಾರ ನೀರು ಬದಲಿಸುತ್ತ ನೆನೆಹಾಕಿ, ಹೊಸ ಸಿಮೆಂಟಿನ ಸುಣ್ಣ ಎಲೆಯನ್ನು ಹಳದಿ ಮಾಡುತ್ತದೆ.

ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬುದು ನಮ್ಮ ಡೋಣಿ ನದಿ ದಂಡೆಯ ಎರೆ ಹೊಲದ ಮಾತು. ಕುಂಡಕ್ಕೆ ಆ ಮಣ್ಣು ಒಂದು ಹಿಡಿಯೂ ಬೇಡ. ನೀರು ಬಿದ್ದರೆ ಉಬ್ಬಿ ಗಾಳಿ ಕಟ್ಟುತ್ತದೆ, ಒಣಗಿದರೆ ಕುಂಡದ ಗೋಡೆ ಬಿಟ್ಟು ಕುಗ್ಗಿ, ಹಾಕಿದ ನೀರೆಲ್ಲ ಆ ಸಂದಿಯಿಂದ ಹರಿದುಹೋಗುತ್ತದೆ. 35x25x10 ಸೆಂ.ಮೀ. ಕುಂಡಕ್ಕೆ ಸುಮಾರು ಎಂಟು ಲೀಟರ್ ಮಿಶ್ರಣ ಬೇಕು: ನಾಲ್ಕು ಲೀಟರ್ ಇಟ್ಟಿಗೆ ಚೂರು, ಎರಡು ಲೀಟರ್ ದಪ್ಪ ಉಸುಕು ಅಥವಾ ಸಣ್ಣ ಖಡಿ, ಒಂದೂವರೆ ಲೀಟರ್ ಜರಡಿ ಹಿಡಿದ ಎರೆಹುಳು ಗೊಬ್ಬರ, ಅರ್ಧ ಲೀಟರ್ ತೊಳೆದ ತೆಂಗಿನ ನಾರಿನ ಪುಡಿ. ಇಟ್ಟಿಗೆ, ಉಸುಕು ಎರಡೂ ಮೂರರಿಂದ ಆರು ಮಿ.ಮೀ. ಒಳಗಿರಲಿ, ಎರಡು ಮಿ.ಮೀ.ಗಿಂತ ಸಣ್ಣ ಪುಡಿಯನ್ನು ತೊಳೆದು ತೆಗೆಯಿರಿ. ಕೆಡವಿದ ಗೋಡೆಯ ಇಟ್ಟಿಗೆ ಬೇಡ, ಅದಕ್ಕೆ ಗಾರೆ ಅಂಟಿರುತ್ತದೆ. ನೀರು ಹಾಕಿದಾಗ ಮೇಲ್ಭಾಗದಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ಮಿಶ್ರಣ ಕಟ್ಟಿಕೊಂಡಿದೆ ಎಂದರ್ಥ.

ಕುಂಡ ಬದಲಿಸುವುದೂ ಮೃಗಶಿರ-ಆರಿದ್ರಾದಲ್ಲೇ. ಎಳೆ ಮರಕ್ಕೆ ಎರಡು ವರ್ಷಕ್ಕೊಮ್ಮೆ, ಮುಗಿದ ಮರಕ್ಕೆ ಮೂರು-ನಾಲ್ಕು ವರ್ಷಕ್ಕೊಮ್ಮೆ. ಹಿಂದಿನ ದಿನ ನೀರು ಹಾಕಬೇಡಿ. ಬೇರಿನುಂಡೆಯನ್ನು ಕಡ್ಡಿಯಿಂದ ಹೊರಗಿಂದ ಒಳಗೆ ಬಾಚಿ ಮೂರನೇ ಒಂದು ಭಾಗ ಬೇರು ಕತ್ತರಿಸಿ, ಕೆಳಮುಖವಾದ ದಪ್ಪ ಬೇರಿಗೆ ಮೊದಲ ಆದ್ಯತೆ. ಎಲೆಯನ್ನೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಮಾಡಿ. ತಂತಿಯಿಂದ ಬಿಗಿದು, ಸಂದು ತುಂಬುವಂತೆ ಕಡ್ಡಿಯಿಂದ ಕುಕ್ಕಿ, ಕೆಳಗೆ ತಿಳಿನೀರು ಬರುವವರೆಗೆ ನೀರು ಕೊಟ್ಟು ಮೂರು ವಾರ ನೆರಳಲ್ಲಿಡಿ. ತಿಂಗಳವರೆಗೆ ಗೊಬ್ಬರ ಇಲ್ಲ.

ನೀರಿನದೇ ದೊಡ್ಡ ಸಮಸ್ಯೆ. ವಿಜಯಪುರ, ಬಾಗಲಕೋಟೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಡೋಣಿ ದಂಡೆಯಲ್ಲಿ ಉಪ್ಪು. ಕುಂಡದ ಅಂಚಿನಲ್ಲಿ ಬಿಳಿ ಹೊಪ್ಪಳೆ, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು, ಹಳೆ ಎಲೆಯ ತುದಿ ಸುಟ್ಟಂತೆ ಆಗುವುದು ಇದರ ಗುರುತು. ಗಡಸು ನೀರಿಗೆ ಲೀಟರಿಗೆ ಕಾಲು ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಪಿಎಚ್ ಪಟ್ಟಿಯಲ್ಲಿ ನೋಡಿ, 6ರಿಂದ 6.5 ಬರುವಷ್ಟು ಹೊಂದಿಸಿ. ಉಪ್ಪು ನೀರಿಗೆ ಇದು ಮದ್ದಲ್ಲ, ಮಳೆನೀರು ಹಿಡಿದಿಡುವುದೇ ದಾರಿ. ಅಡುಗೆಮನೆಯ ಆರ್‌ಒ ಯಂತ್ರ ನೀರು ಶುದ್ಧ ಮಾಡುವಾಗ ಹೊರಚೆಲ್ಲುವ ನೀರನ್ನು ಗಿಡಕ್ಕೆ ಹಾಕುವವರಿದ್ದಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಖಂಡಿತ ಬೇಡ. ಎಲೆ ಹಳದಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸುರಿದರೆ ಸುಣ್ಣದ ಮಣ್ಣಿನಲ್ಲಿ ಅದು ಬೇರಿಗೆ ಸಿಗದಂತೆ ಹಿಡಿದುಹೋಗುತ್ತದೆ. ಇಡಿಡಿಎಚ್‌ಎ (EDDHA) ರೂಪದ, ಸುಣ್ಣದ ಮಣ್ಣಲ್ಲೂ ಬೇರಿಗೆ ಸಿಗುವ ಕಬ್ಬಿಣ ಕೊಳ್ಳಿ.

ಮಾರ್ಚ್ ನಡುವಿನಿಂದ ಮೃಗಶಿರದವರೆಗೆ ಕುಂಡಗಳನ್ನು 35-50 ಶೇಕಡಾ ಪರದೆಯ ಕೆಳಗೆ, ಮಾಳಿಗೆಯ ನೆಲದಿಂದ ಒಂದೂವರೆ ಅಡಿ ಎತ್ತರದ ಮಣೆಯ ಮೇಲೆ, ಪಡುವಣ ಗೋಡೆಯಿಂದ ದೂರ ಇಡಿ. ಹುಣಸೆ ಬಿಸಿಲಿಗೆ ಅಂಜುವುದಿಲ್ಲ, ಕಾದ ಕುಂಡದಲ್ಲಿ ಬೇರು ಬೇಯುವುದೇ ಅಪಾಯ. ಬೆಳಿಗ್ಗೆ ಎಂಟರೊಳಗೆ, ಮತ್ತೆ ಸಂಜೆ, ತಳದಿಂದ ಹರಿಯುವಷ್ಟು ನೀರು. ಪೈಪಿನಲ್ಲಿ ನಿಂತ ಕುದಿನೀರನ್ನು ಮೊದಲು ಹೊರಗೆ ಬಿಟ್ಟು ಆಮೇಲೆ ಗಿಡಕ್ಕೆ ಹಿಡಿಯಿರಿ. ಸಂಜೆ ಎಲೆ ಮಡಚುವುದು ಹುಣಸೆಯ ನಿತ್ಯದ ನಿದ್ದೆ. ಬೆಳಿಗ್ಗೆ ಬಿಸಿಲು ಬಂದ ಮೇಲೂ ಬಿಚ್ಚದಿದ್ದರೆ ಬೇರಿಗೆ ಏನೋ ಆಗಿದೆ.

ಬೆಳಗಾವಿ ನಗರ, ಖಾನಾಪುರದ ಕಡೆ ಲೆಕ್ಕ ತಿರುಗುತ್ತದೆ. ಅಲ್ಲಿ ಜುಲೈ-ಆಗಸ್ಟ್‌ನಲ್ಲಿ ಸೂರ್ಯನೇ ಕಾಣದ ವಾರಗಳಿರುತ್ತವೆ, ಚಿಗುರು ಉದ್ದಕ್ಕೆ ಎಳೆದು ಗೆಣ್ಣು ದೂರವಾಗುತ್ತದೆ. ಪಾರದರ್ಶಕ ಹೊದಿಕೆಯ ಕೆಳಗಿಟ್ಟು, ಮಿಶ್ರಣದಲ್ಲಿ ಗೊಬ್ಬರ ಮುಕ್ಕಾಲು ಲೀಟರಿಗೆ ಇಳಿಸಿ, ನಾರಿನ ಪುಡಿ ಬಿಟ್ಟು, ಆ ಪಾಲಿಗೆ ಇಟ್ಟಿಗೆ ಚೂರು ಹಾಕಿ. ಎಲೆ ಪೂರ್ತಿ ತೆಗೆಯುವ ಕೆಲಸವನ್ನೂ ಸೆಪ್ಟೆಂಬರಿಗೆ ಮುಂದೂಡಿ. ಅಥಣಿ, ರಾಯಬಾಗ ಅದೇ ಜಿಲ್ಲೆಯಾದರೂ ವಿಜಯಪುರದ ರೀತಿಯೇ ಸರಿ.

ಹುಳ, ರೋಗ, ಕಾಯಿ

ಬೇಸಿಗೆಯಲ್ಲಿ ಬಿಳಿ ಹಿಟ್ಟುತಿಗಣೆ ಬರುತ್ತದೆ, ಅದನ್ನು ಹೊತ್ತು ತರುವುದು ಇರುವೆ. ಮಣೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ, ಗೆದ್ದಲು ಎರಡೂ ತಪ್ಪುತ್ತವೆ. ಬಟ್ಟಲಿಗೆ ಒಂದು ಚಮಚ ಎಣ್ಣೆ ಬಿಟ್ಟರೆ ಸೊಳ್ಳೆಯೂ ಆಗದು. ಬಂದ ತಿಗಣೆಗೆ ಐದು ಮಿ.ಲೀ. ಬೇವಿನೆಣ್ಣೆ, ಒಂದು ಮಿ.ಲೀ. ಸೋಪಿನ ದ್ರಾವಣ ಒಂದು ಲೀಟರ್ ನೀರಿಗೆ, ಸಂಜೆ, ವಾರ ಬಿಟ್ಟು ಮತ್ತೊಮ್ಮೆ. ಎಳ್ಳಮಾವಾಸ್ಯೆಯ ಚಳಿಯಲ್ಲಿ ಎಲೆಯ ಮೇಲೆ ಬೂದಿ ಚೆಲ್ಲಿದಂತೆ ಕಂಡರೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ. ಅದನ್ನು 32 ಡಿಗ್ರಿ ಮೀರಿದ ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಹಳೆ ಎಲೆ ಉದುರುವುದು ರೋಗವಲ್ಲ. ಔಷಧ ಹುಡುಕದೆ ನೀರು ಸ್ವಲ್ಪ ತಗ್ಗಿಸಿ ಹೊಸ ಎಲೆಗೆ ಕಾಯಿರಿ.

ಹೂವು ಬರುವುದು ಹೊಸ ಕಡ್ಡಿಯಲ್ಲಿ, ಬೇಸಿಗೆಯ ಕೊನೆಗೆ. ಹೂ ಬೇಕಾದ ವರ್ಷ ಏಪ್ರಿಲ್ ನಂತರ ಕತ್ತರಿ ಹಾಕಬೇಡಿ, ಜುಲೈಯಲ್ಲಿ ಎಲೆಯನ್ನೂ ತೆಗೆಯಬೇಡಿ. ಕಾಯಿ ಕಚ್ಚಿದರೆ 45 ಸೆಂ.ಮೀ. ಮರಕ್ಕೆ ಮೂರಕ್ಕಿಂತ ಹೆಚ್ಚು ಬಿಡಬಾರದು, ಅದೂ ದಪ್ಪ ಕೊಂಬೆಯಲ್ಲಿ ಮಾತ್ರ. ಎಲೆ ಸಣ್ಣದಾಗುವಂತೆ ಕಾಯಿ ಸಣ್ಣದಾಗುವುದಿಲ್ಲ. ಅದು ಹಣ್ಣಾಗಲು ಎಂಟು-ಒಂಬತ್ತು ತಿಂಗಳು ಹಿಡಿಯುತ್ತದೆ, ಅಷ್ಟೂ ಕಾಲ ಆ ಕೊಂಬೆ ಚಿಗುರುವುದು ಕಡಿಮೆ. ಫೆಬ್ರವರಿಗೆ ಕಾಯಿ ಕಿತ್ತ ಮೇಲೆ ಆ ಕೊಂಬೆಯನ್ನು ಮುಂದಿನ ಒಂದು ಮಳೆಗಾಲ ಕತ್ತರಿಸದೆ ಬಿಡಿ.